ಶುಕ್ರವಾರದ ರಜೆಯನ್ನು ಯಾರಿಗೆ ಕೊಟ್ಟಿದ್ದೀರಿ?

ಹಾಸನದಿಂದ ಬಂದ ಒಂದು ಪತ್ರವನ್ನು ಓದಿದ ಮೇಲೆ ಈ ವಾರದ ಉಳಿದ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ. ಬರೆದವರು 23 ವರ್ಷದ ಯುವತಿ. ಹೊರರಾಜ್ಯದ ವಿಶ್ವವಿದ್ಯಾಲಯದಲ್ಲಿ ಮ್ಯೂಸಿಯಾಲಜಿ (ವಸ್ತುಸಂಗ್ರಹಾಲಯ ಶಾಸ್ತ್ರ) ಎಂ.ಎ. ಓದುತ್ತಿರುವ ಇವರು ಕೊನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್‌ಗಾಗಿ ಊರಿಗೆ ಮರಳಿ, ಹಳೇಬೀಡಿನ ವಸ್ತುಸಂಗ್ರಹಾಲಯಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದಾರೆ. ರಾತ್ರಿ ಪ್ರಬಂಧದ ಬರವಣಿಗೆ. ಬುಧವಾರ ಮತ್ತು ಭಾನುವಾರ ನಸುಕಿನಲ್ಲಿ ಊರ ಹೊರಗಿನ ಲಾಯವೊಂದರಲ್ಲಿ ಕುದುರೆ ಸವಾರಿಯ ಪಾಠ, ಅಲ್ಲಿಂದ ನೇರವಾಗಿ ಬಸ್ ನಿಲ್ದಾಣ. ಬಿಡುವು ಸಿಕ್ಕಾಗ ಶಿಲ್ಪಗಳ ರೇಖಾಚಿತ್ರ. ಎಲ್ಲವನ್ನೂ ಒಟ್ಟಿಗೆ ನಡೆಸಲು ಆಗುತ್ತಿಲ್ಲ, ಎರಡು ದೋಣಿಯ ಮೇಲೆ ಕಾಲಿಡಬೇಡ ಎಂದು ಅಮ್ಮ ಹೇಳುತ್ತಾರೆ, ಸವಾರಿಯನ್ನು ಬಿಟ್ಟುಬಿಡಲೇ ಎಂಬುದು ಪ್ರಶ್ನೆ.

ಪ್ರಶ್ನೆಗೆ ಆಧಾರವಾಗಿ ನೀವು ಎರಡು ಘಟನೆಗಳನ್ನು ಬರೆದಿದ್ದೀರಿ. ಒಂದು ಬುಧವಾರ ಜೀನಿನ ಹೊಟ್ಟೆಪಟ್ಟಿಯನ್ನು ಸರಿಯಾಗಿ ಬಿಗಿಯದೆ ರಿಕಾಪಿಗೆ ಕಾಲಿಟ್ಟಾಗ ಜೀನು ಒಂದು ಬದಿಗೆ ಜಾರಿತು. ಲಾಯದ ಹಿರಿಯರು ಲಗಾಮು ಹಿಡಿದಿದ್ದರಿಂದ ನೀವು ಬೀಳಲಿಲ್ಲ. ಅದೇ ವಾರ ಎರಡು ಶಿಲ್ಪಖಂಡಗಳ ಸ್ಥಿತಿಯನ್ನು ದಾಖಲಿಸುವಾಗ ಒಂದರ ನೋಂದಣಿ ಸಂಖ್ಯೆಯನ್ನು ಇನ್ನೊಂದರ ಕಾರ್ಡಿನಲ್ಲಿ ಬರೆದಿರಿ. ಮೇಲ್ವಿಚಾರಕರು ಸಂಜೆಯೊಳಗೆ ಅದನ್ನು ಕಂಡು ತಿದ್ದಿಸಿದರು. ಇವೆರಡರಿಂದ ನೀವು, ಸವಾರಿಯು ಓದನ್ನು ಕೆಡಿಸುತ್ತಿದೆ ಎಂಬ ತೀರ್ಮಾನಕ್ಕೆ ಬಂದಿದ್ದೀರಿ. ನನಗೆ ಕಾಣುವುದು ಬೇರೆ. ಪಟ್ಟಿ ಬಿಗಿಯುವಾಗ ಕುದುರೆ ಹೊಟ್ಟೆಯನ್ನು ಉಬ್ಬಿಸಿಕೊಳ್ಳುವುದುಂಟು, ಆದ್ದರಿಂದ ನಾಲ್ಕು ಹೆಜ್ಜೆ ನಡೆಸಿ ಮತ್ತೊಮ್ಮೆ ಎಳೆದು ನೋಡಬೇಕು ಎಂಬುದು ಸವಾರಿ ಕಲಿಯುವವರಿಗೆ ಮೊದಲ ವಾರದಲ್ಲೇ ಹೇಳಿಕೊಡುವ ಪಾಠ, ಮತ್ತು ಅದು ನಿಮಗೆ ಗೊತ್ತಿದೆ. ಕಾರ್ಡಿನ ಸಂಖ್ಯೆಯನ್ನು ವಸ್ತುವಿನ ಮೇಲಿನ ಸಂಖ್ಯೆಯೊಂದಿಗೆ ಎರಡನೆಯ ಸಲ ತಾಳೆ ನೋಡಬೇಕೆಂಬುದೂ ಗೊತ್ತಿದೆ. ಎರಡು ಕಡೆಯೂ ತಪ್ಪಿದ್ದು ಆ ಎರಡನೆಯ ನೋಟ, ಮತ್ತು ನಿದ್ರೆಗೆಟ್ಟ ಮನುಷ್ಯ ಮೊದಲು ಕೈಬಿಡುವುದು ಅದನ್ನೇ. ರಾತ್ರಿ ಒಂದು ಗಂಟೆಗೆ ಮಲಗಿ ನಾಲ್ಕೂವರೆಗೆ ಏಳುತ್ತೇನೆಂದು ನೀವೇ ಬರೆದಿದ್ದೀರಿ. ನಿದ್ರೆಯಿಲ್ಲದೆ ಕಲಿತದ್ದು ಕಲಿಕೆಯಲ್ಲ ಎಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.

ಸಂಖ್ಯೆಯ ತಪ್ಪನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ವಸ್ತುಸಂಗ್ರಹಾಲಯದಲ್ಲಿರುವ ಕಲ್ಲಿಗೆ ಅದರ ಊರನ್ನು ಉಳಿಸಿಕೊಡುವುದು ಆ ಸಂಖ್ಯೆ ಮತ್ತು ಅದರ ಮುಂದೆ ಬರೆದ ಸಾಲು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿದ್ದ ಶಾಸನವನ್ನು 1936ರಲ್ಲಿ ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಕಲ್ಲು ಈಗ ಇರುವುದು ಮೈಸೂರಿನಲ್ಲಿ, ಆದರೂ ಅದು ಎಲ್ಲಿಯದೆಂದು ಕನ್ನಡಿಗರಾರೂ ಕೇಳಬೇಕಾಗಿಲ್ಲ. ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ ಸಿಕ್ಕ ಹೆಸರಿಲ್ಲದ ಒಂದು ತುಂಡು ಬಳಪದ ಕಲ್ಲಿಗೆ ಅಂತಹ ಭಾಗ್ಯವಿಲ್ಲ. ಅದರ ಸಂಖ್ಯೆ ತಪ್ಪಿದರೆ ಅದು ಎಲ್ಲಿಂದ ಬಂದಿತೆಂಬುದು ಎಂದೆಂದಿಗೂ ಅಳಿಸಿಹೋಗಬಹುದು. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವೆಂದು ನಾವೆಲ್ಲ ಸಂಭ್ರಮಿಸಿದೆವು. ಆ ಸಂಭ್ರಮಕ್ಕೆ ಅರ್ಥ ಬರಬೇಕಾದರೆ ನಿಮ್ಮಂತೆ ಈ ಕೆಲಸವನ್ನು ಓದಿ ಕಲಿತವರು ನಮ್ಮ ಜಿಲ್ಲೆಯಲ್ಲಿ ಬೇಕು, ಅವರು ಎಚ್ಚರವಾಗಿರಬೇಕು.

ಹಾಗಾದರೆ ಸಮಯವೆಲ್ಲ ಎಲ್ಲಿ ಹೋಗುತ್ತಿದೆ? ಪತ್ರದ ಕೊನೆಗೆ, ಸಹಿಗೆ ಸ್ವಲ್ಪ ಮೇಲೆ, ನೀವು ಹೀಗೆ ಬರೆದಿದ್ದೀರಿ: “ಶುಕ್ರವಾರ ಹೇಗೂ ಮ್ಯೂಸಿಯಂಗೆ ರಜೆ. ಆ ದಿನ ಸಕಲೇಶಪುರದ ಹತ್ತಿರ ಚಿಕ್ಕಪ್ಪನ ಹೋಂಸ್ಟೇಗೆ ಹೋಗಿ ಸ್ವಲ್ಪ ಸಹಾಯ ಮಾಡುತ್ತೇನೆ, ಅದೇನು ದೊಡ್ಡ ಕೆಲಸವಲ್ಲ.” ಈ ಸಾಲನ್ನು ನಾನು ಹಲವು ಸಲ ಓದಿದೆ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಥಳ ಸಂಗ್ರಹಾಲಯಗಳು ಶುಕ್ರವಾರ ಮುಚ್ಚಿರುತ್ತವೆ. ಶನಿವಾರ, ಭಾನುವಾರ ನಿಮಗೆ ಕೆಲಸವಿರುತ್ತದೆ. ಎಂದರೆ ವಾರದಲ್ಲಿ ನಿಮಗೆ ದೊರೆಯುವುದು ಒಂದೇ ಒಂದು ದಿನ, ಅದನ್ನು ನೀವು ಪೂರ್ತಿಯಾಗಿ ಚಿಕ್ಕಪ್ಪನವರ ಕೈಗೆ ಒಪ್ಪಿಸಿದ್ದೀರಿ. ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಕೋಣೆಗಳ ಹಾಸಿಗೆ ಹೊದಿಕೆ ಬದಲಾಯಿಸಿದ್ದಾರೆಯೇ ಎಂದು ನೋಡುವುದು, ವಾರದ ದಿನಸಿಯ ಲೆಕ್ಕ ಬರೆಯುವುದು, ಸಂಜೆ ಬೆಂಗಳೂರಿನಿಂದ ಬರುವ ಅತಿಥಿಗಳ ಗುರುತಿನ ಚೀಟಿಗಳನ್ನು ಪರಿಶೀಲಿಸಿ ಪುಸ್ತಕದಲ್ಲಿ ದಾಖಲಿಸುವುದು, ಅವರ ಕಾರು ದಾರಿಯಲ್ಲಿ ತಡವಾದರೆ ಕಾಯುವುದು, ಕೊನೆಯ ಬಸ್ಸಿಗೆ ಹಾಸನಕ್ಕೆ ಮರಳುವುದು. ಇದು ಸಂಬಳ ಕೊಟ್ಟು ಮಾಡಿಸಬೇಕಾದ ಉದ್ಯೋಗ. ಮನೆಯ ಹೆಣ್ಣುಮಗಳು ಮಾಡಿದಾಗ ಮಾತ್ರ ಅದರ ಹೆಸರು ‘ಸ್ವಲ್ಪ ಸಹಾಯ’ ಎಂದಾಗುತ್ತದೆ.

ನಿಮ್ಮ ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಮಗಳು ತಟ್ಟೆಯ ಮುಂದೆಯೇ ತೂಕಡಿಸುವುದನ್ನು ಕಣ್ಣಾರೆ ಕಂಡ ತಾಯಿ, ಏನನ್ನಾದರೂ ಬಿಡು ಎಂದು ಹೇಳಿಯೇ ಹೇಳುತ್ತಾರೆ. ನನಗೆ ಬೇಸರವಿರುವುದು ಚಿಕ್ಕಪ್ಪನವರ ಬಗ್ಗೆ. ಹುಡುಗಿಗೆ ಕುದುರೆ ಸವಾರಿ ಯಾತಕ್ಕೆ, ದುಡ್ಡು ದಂಡ ಎಂದು ಮನೆಯಲ್ಲಿ ಮೊದಲು ಮಾತು ತೆಗೆದವರು ಅವರೇ ಎಂದು ನೀವು ತಿಳಿಸಿದ್ದೀರಿ. ವಾರಕ್ಕೆ ಎರಡು ಗಂಟೆಯ ಸವಾರಿ ಅವರ ಕಣ್ಣಿಗೆ ಬಿತ್ತು. ಅವರೇ ತೆಗೆದುಕೊಳ್ಳುತ್ತಿರುವ ಹನ್ನೆರಡು ಗಂಟೆ ಬೀಳಲಿಲ್ಲ. ಬೆಂಗಳೂರಿನಲ್ಲಿರುವ ಅವರ ಮಗನನ್ನು ಒಂದು ಶುಕ್ರವಾರವಾದರೂ ಊರಿಗೆ ಬಾ ಎಂದು ಕರೆದ ಉಲ್ಲೇಖ ನಿಮ್ಮ ಪತ್ರದಲ್ಲಿ ಇಲ್ಲ. ಇದನ್ನೆಲ್ಲ ನೋಡುತ್ತಾ ಸುಮ್ಮನಿರುವ ನಿಮ್ಮ ತಂದೆಯವರನ್ನೂ ನಾನು ಪೂರ್ತಿ ಕ್ಷಮಿಸಲಾರೆ.

ಮೊದಲ ವರ್ಷದ ಶುಲ್ಕವನ್ನು ಚಿಕ್ಕಪ್ಪ ಕಟ್ಟಿದ್ದರು, ಆ ಋಣವಿದೆ ಎಂದಿದ್ದೀರಿ. ಋಣವನ್ನು ನೆನೆಯುವುದು ದೊಡ್ಡ ಗುಣ. ಆದರೆ ಹಣವನ್ನು ಹಣದಲ್ಲೇ ತೀರಿಸಬೇಕು ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಮೊತ್ತವನ್ನು ಒಂದು ಹಾಳೆಯಲ್ಲಿ ಬರೆದು, ಕೆಲಸ ಸಿಕ್ಕ ಮೇಲೆ ತಿಂಗಳಿಗೆ ಇಷ್ಟೆಂದು ಕೊಡುತ್ತೇನೆಂದು ಒಪ್ಪಿಕೊಳ್ಳಿ. ದಿನಗಳನ್ನು ಕೊಟ್ಟು ತೀರಿಸಲು ಹೊರಟ ಸಾಲದ ಲೆಕ್ಕವನ್ನು ಯಾವ ಮನೆಯಲ್ಲಿಯೂ ಯಾರೂ ಮುಗಿಸಿಕೊಟ್ಟಿಲ್ಲ.

ಇನ್ನು ಸವಾರಿಯ ಮಾತು. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ತಳಪಟ್ಟಿಕೆಗಳಲ್ಲಿ ಆನೆ, ಸಿಂಹ, ಬಳ್ಳಿಗಳ ಸಾಲಿನ ಮೇಲೆ ಕುದುರೆ ಸವಾರರ ಸಾಲೊಂದು ಗುಡಿಯ ಗೋಡೆಗಳುದ್ದಕ್ಕೂ ಸಾಗುತ್ತದೆ. ಊಟದ ವಿರಾಮದಲ್ಲಿ ಅಲ್ಲಿ ನಿಂತು ಕುದುರೆಗಳ ಜೀನು, ಲಗಾಮು, ಸವಾರನ ಮಂಡಿಯ ಬಾಗು ಇವನ್ನು ಬರೆದುಕೊಳ್ಳುತ್ತಿದ್ದೇನೆಂದು ನೀವು ತಿಳಿಸಿದ್ದೀರಿ. ಆ ಸಾಲನ್ನು ಸಾವಿರಾರು ಜನ ದಿನವೂ ನೋಡುತ್ತಾರೆ. ಲಗಾಮು ಎಳೆದಾಗ ಕುದುರೆಯ ಕತ್ತು ಹೇಗೆ ಮಡಚುತ್ತದೆ ಎಂಬುದನ್ನು ಕೈಯಲ್ಲಿ ಅನುಭವಿಸಿ ನೋಡುವವರು ಎಷ್ಟು ಮಂದಿ ಇದ್ದಾರು? ಜೀನು ಹಾಕುವ ಮೊದಲು ಕುದುರೆಯ ಕಾಲುಗಳ ಮೇಲೆ ಅಂಗೈ ಸವರುತ್ತಾ, ಎಲ್ಲಿಯಾದರೂ ಬಿಸಿಯಿದೆಯೇ, ಊತವಿದೆಯೇ, ಗೊರಸಿನಲ್ಲಿ ಕಲ್ಲು ಸಿಕ್ಕಿದೆಯೇ ಎಂದು ನೋಡುವ ಅಭ್ಯಾಸ ಇರುವವರು, ಶಿಲ್ಪದ ಸ್ಥಿತಿಯನ್ನು ದಾಖಲಿಸುವಾಗ ಬಿರುಕು, ಉಪ್ಪಿನ ಬಿಳುಪು, ಹಳೆಯ ದುರಸ್ತಿಯ ಗುರುತುಗಳನ್ನು ಹುಡುಕುವುದರಲ್ಲಿ ಹಿಂದೆ ಬೀಳುವುದಿಲ್ಲ. ಆದರೂ ಓದಿಗೆ ಉಪಯೋಗವಾಗುತ್ತದೆ ಎಂಬ ಕಾರಣಕ್ಕೆ ಮಾತ್ರ ಸವಾರಿಯನ್ನು ಉಳಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಉಪಯೋಗವಿಲ್ಲದಿದ್ದರೂ ಉಳಿಸಿಕೊಳ್ಳಬಹುದಿತ್ತು. ದಿನವಿಡೀ ತಲೆ ತಗ್ಗಿಸಿ ಸೂಕ್ಷ್ಮವಾದ ಕೆಲಸ ಮಾಡುವವರಿಗೆ ಮೈ ದಣಿಸುವ, ಮನಸ್ಸು ಹಿಗ್ಗಿಸುವ ಒಂದು ಹವ್ಯಾಸ ಬೇಕೇ ಬೇಕು.

ಆದರೆ ಈಗಿರುವ ಕ್ರಮದಲ್ಲಿ ಬೇಡ. ನಿದ್ರೆಗಣ್ಣಿನಲ್ಲಿ ಕುದುರೆ ಹತ್ತುವುದು ನಿಮಗೂ ಅಪಾಯ, ಕುದುರೆಗೂ ಅನ್ಯಾಯ. ಇಂಟರ್ನ್‌ಶಿಪ್ ಮುಗಿಯುವವರೆಗೆ ಬುಧವಾರ, ಭಾನುವಾರದ ನಸುಕಿನ ಪಾಠಗಳೆರಡನ್ನೂ ನಿಲ್ಲಿಸಿ, ವಾರಕ್ಕೊಂದೇ ಸಲ, ಶುಕ್ರವಾರ ಬೆಳಿಗ್ಗೆ, ಚೆನ್ನಾಗಿ ನಿದ್ರೆ ಮಾಡಿ ಎದ್ದ ಮೇಲೆ ಹೋಗಿ. ಮಧ್ಯಾಹ್ನ ಪ್ರಬಂಧ ಬರೆಯಿರಿ. ಹಾಗೆ ಮಾಡಿದರೆ ಉಳಿದ ರಾತ್ರಿಗಳಲ್ಲಿ ಹತ್ತೂವರೆಗೆ ದೀಪ ಆರಿಸಬಹುದು. ರೇಖಾಚಿತ್ರಕ್ಕೆ ಬೇರೆ ವೇಳಾಪಟ್ಟಿ ಬೇಕಿಲ್ಲ, ಅದು ಊಟದ ವಿರಾಮದಲ್ಲಿ ತಾನಾಗಿ ನಡೆಯುತ್ತಿದೆ.

ಇದೆಲ್ಲ ಸಾಧ್ಯವಾಗಬೇಕಾದರೆ ನೀವು ಮಾಡಬೇಕಾದದ್ದು ಒಂದೇ: ಮುಂದಿನ ಶುಕ್ರವಾರದಿಂದ ಹೋಂಸ್ಟೇಗೆ ಹೋಗಬೇಡಿ. ಮಂಗಳವಾರ ರಾತ್ರಿಯೊಳಗೆ, ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಫೋನಿನಲ್ಲಿ ನೇರವಾಗಿ ಹೇಳಿ. “ಚಿಕ್ಕಪ್ಪ, ಇಂಟರ್ನ್‌ಶಿಪ್ ಮತ್ತು ಪ್ರಬಂಧದ ಕೆಲಸ ಹೆಚ್ಚಾಗಿದೆ. ಮುಂದಿನ ಶುಕ್ರವಾರದಿಂದ ನನಗೆ ಬರಲು ಆಗುವುದಿಲ್ಲ. ನೀವು ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು.” ಇಷ್ಟೇ ಸಾಕು. ಸವಾರಿಯ ವಿಷಯವನ್ನು ಆ ಮಾತಿಗೆ ಸೇರಿಸಬೇಡಿ, ಸೇರಿಸಿದರೆ ಚರ್ಚೆ ಅಲ್ಲಿಗೇ ತಿರುಗುತ್ತದೆ. ಯಾರನ್ನು ನೇಮಿಸಲಿ ಎಂದು ಅವರು ಕೇಳಿದರೆ, ಆ ಊರಿನಲ್ಲೇ ಪಿಯುಸಿ ಓದಿ ಮನೆಯಲ್ಲಿರುವ ಯಾರಿಗಾದರೂ ದಿನದ ಸಂಬಳ ಕೊಟ್ಟು ಇಟ್ಟುಕೊಳ್ಳಬಹುದೆಂದು ಹೇಳಿ. ಲೆಕ್ಕದ ಪುಸ್ತಕ ತೋರಿಸಿಕೊಡುವುದಿದ್ದರೆ ಒಮ್ಮೆ ಫೋನಿನಲ್ಲೇ ವಿವರಿಸಿ. ಅವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ಅದನ್ನು ತಂದೆಯವರು ನಿಭಾಯಿಸಲಿ. ಆ ಕರೆ ಮುಗಿದ ಕೂಡಲೇ ಲಾಯಕ್ಕೆ ಫೋನ್ ಮಾಡಿ, ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಯ ಪಾಠಕ್ಕೆ ಕುದುರೆ ಬಿಡುವಾಗಿದೆಯೇ ಎಂದು ವಿಚಾರಿಸಿ.