ಅಜ್ಜಿಯ ಮಾತು ನಾಲ್ಕನೇ ಪುಟದಲ್ಲಿ ಯಾಕೆ?

ನಮಸ್ಕಾರ.

ನೀವು ಕೊಪ್ಪದಿಂದ ಕಳಿಸಿದ ‘ಮಳೆಯ ಮುನಿ ಋಷ್ಯಶೃಂಗ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ಇದರೊಳಗೆ ಒಂದು ಒಳ್ಳೆಯ ಬರಹ ಇದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಪೂರ್ತಿ ಹೊಗಳಿಕೆ. ಮಹಾತಪಸ್ವಿ, ಜ್ಞಾನಸಾಗರ, ಲೋಕಕ್ಕೇ ಬೆಳಕು. ಋಷ್ಯಶೃಂಗ ಅನ್ನುವ ಹೆಸರು ತೆಗೆದು ವಸಿಷ್ಠ ಅಂತ ಹಾಕಿ ನೋಡಿ. ಬೇರೇನೂ ತಿದ್ದಬೇಕಾಗಿಲ್ಲ, ಅಲ್ವಾ? ನಿಮ್ಮ ಭಕ್ತಿಯ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಓದುವವರ ಕಣ್ಣಿಗೆ ಮುನಿ ಬೀಳಲಿಲ್ಲ.

ಮುನಿ ಕಣ್ಣಿಗೆ ಕಟ್ಟುವುದು ಮಹಾಭಾರತದ ವನಪರ್ವದಲ್ಲಿ, ಲೋಮಶ ಋಷಿ ಯುಧಿಷ್ಠಿರನಿಗೆ ಹೇಳುವ ಕಥೆಯಲ್ಲಿ. ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿದ್ದು, ತಲೆಯ ಮೇಲೆ ಕೊಂಬು ಇದ್ದದ್ದು ಇಲ್ಲಿ ಬರುತ್ತದೆ. ನೀವು ಅದನ್ನು ವಾಲ್ಮೀಕಿಯ ಲೆಕ್ಕಕ್ಕೆ ಬರೆದಿದ್ದೀರಿ, ದಯವಿಟ್ಟು ತಿದ್ದಿ. ವಾಲ್ಮೀಕಿಯ ಬಾಲಕಾಂಡದಿಂದ ನಿಮಗೆ ಬೇಕಾದದ್ದು ಅಂಗದೇಶದ ರಾಜ ರೋಮಪಾದನ ನಾಡಿನ ಬರ, ಅವನ ಮಗಳು ಶಾಂತೆಯ ಜೊತೆ ಮುನಿಯ ಮದುವೆ, ಮಕ್ಕಳಿಗಾಗಿ ದಶರಥ ಮಾಡಿಸಿದ ಪುತ್ರಕಾಮೇಷ್ಟಿ.

ವನಪರ್ವದ ಹುಡುಗನನ್ನು ನೋಡಿ. ಅಪ್ಪ ವಿಭಾಂಡಕನನ್ನು ಬಿಟ್ಟು ಬೇರೆ ಮನುಷ್ಯರನ್ನೇ ಕಂಡವನಲ್ಲ. ಒಂದು ದಿನ ಅಪ್ಪ ಇಲ್ಲದಾಗ, ಇವನನ್ನು ಕರೆತಂದರೆ ಮಳೆ ಬರುತ್ತದೆ ಅಂತ ರಾಜ ಕಳಿಸಿದ ವೇಶ್ಯೆಯೊಬ್ಬಳು ಆಶ್ರಮಕ್ಕೆ ಬರುತ್ತಾಳೆ. ಅಪ್ಪ ಬಂದ ಮೇಲೆ ಹುಡುಗ ಏನು ಹೇಳುತ್ತಾನೆ? ಉದ್ದ ಜಡೆಯ ಒಬ್ಬ ಬ್ರಹ್ಮಚಾರಿ ಬಂದಿದ್ದ, ಅವನ ಕೈಯಲ್ಲಿ ಒಂದು ದುಂಡನೆಯ ಹಣ್ಣಿತ್ತು, ನೆಲಕ್ಕೆ ಬಿದ್ದರೆ ಮತ್ತೆ ಮತ್ತೆ ಮೇಲಕ್ಕೆ ಹಾರುತ್ತಿತ್ತು ಅಂತಾನೆ. ಅದು ಚೆಂಡು! ಹುಡುಗ ಚೆಂಡನ್ನೇ ನೋಡಿರಲಿಲ್ಲ. ಕಾಡಿನಲ್ಲಿ ಅವನು ಹೇಗೆ ಬೆಳೆದ ಅನ್ನೋದು ಈ ಒಂದು ಹಣ್ಣಿನಲ್ಲಿ ತಿಳಿಯುತ್ತದೆ. ನೀವು ಇದನ್ನು ಬಿಟ್ಟೇಬಿಟ್ಟಿದ್ದೀರಿ. ವೇಶ್ಯೆಯ ಜಾಗದಲ್ಲಿ ‘ರಾಜದೂತರು’ ಅಂತ ಬರೆದಿದ್ದೀರಿ. ಸಂಕೋಚ ಅರ್ಥವಾಗುತ್ತದೆ. ಆದರೆ ಹಿಂದಿನವರು ಮುಚ್ಚಿಡದ್ದನ್ನು ನಾವು ಮುಚ್ಚಿಟ್ಟರೆ ಕಥೆಯೇ ಹೋಗುತ್ತದೆ.

ಇನ್ನೊಂದು. ಬರ ಸುಮ್ನೆ ಬಂದದ್ದಲ್ಲ. ರಾಜ ಬ್ರಾಹ್ಮಣನೊಬ್ಬನ ಜೊತೆ ಸುಳ್ಳಾಗಿ ನಡೆದುಕೊಂಡ, ಪುರೋಹಿತರು ಅವನನ್ನು ಬಿಟ್ಟು ಹೋದರು, ಇಂದ್ರ ಮಳೆ ನಿಲ್ಲಿಸಿದ. ಆಳುವವನ ತಪ್ಪಿಗೆ ಊರೆಲ್ಲ ಒಣಗಿತು. ಇದಕ್ಕೆ ಎರಡು ಸಾಲಾದರೂ ಕೊಡಿ. ಶಾಂತೆಗೂ ಜಾಗ ಕೊಡಿ. ಶೃಂಗೇರಿ ಹತ್ತಿರದ ಕಿಗ್ಗದ ದೇವರನ್ನು ನಮ್ಮವರು ‘ಶಾಂತಾ ಸಮೇತ ಋಷ್ಯಶೃಂಗೇಶ್ವರ’ ಅಂತ ಅವಳ ಹೆಸರನ್ನೇ ಮೊದಲು ಹೇಳುತ್ತಾರೆ.

‘ಋಷ್ಯಶೃಂಗರು ಕಿಗ್ಗದಿಂದಲೇ ಅಂಗದೇಶಕ್ಕೆ ಹೋದರೆಂದು ಇತಿಹಾಸ ಸಾಬೀತು ಮಾಡಿದೆ’ ಎಂಬ ಸಾಲನ್ನು ಹೊಡೆದು ಹಾಕಿ. ವನಪರ್ವದ ಆಶ್ರಮ ಇರುವುದು ಉತ್ತರದ ಕೌಶಿಕೀ ನದಿಯ ದಡದಲ್ಲಿ. ಅಂಗ ಅಂದರೆ ಇವತ್ತಿನ ಬಿಹಾರದ ಭಾಗಲ್ಪುರದ ಕಡೆ. ನಮ್ಮ ಕಡೆಯ ನಂಬಿಕೆ ಬೇರೆ. ಶೃಂಗೇರಿಗೆ ಆ ಹೆಸರು ಬಂದದ್ದೇ ಋಷ್ಯಶೃಂಗನಿಂದ, ಶೃಂಗೇರಿಯ ಮಲಹಾನಿಕರೇಶ್ವರ ಲಿಂಗದಲ್ಲಿ ವಿಭಾಂಡಕ ಐಕ್ಯನಾದ ಅನ್ನುತ್ತೇವೆ. ಎರಡನ್ನೂ ಅಕ್ಕಪಕ್ಕ ಇಟ್ಟು ಬರೆಯಿರಿ. ಅಷ್ಟು ದೂರದ ಮುನಿ ನಮ್ಮ ಘಟ್ಟದ ಮಳೆಗೆ ಒಡೆಯನಾದದ್ದೇ ಬರೆಯಬೇಕಾದ ವಿಷಯ.

ಅದು ನಿಮ್ಮ ನಾಲ್ಕನೇ ಪುಟದಲ್ಲಿ ಒಂದೇ ಸಾಲಾಗಿ ಬಂದು ಹೋಗುತ್ತದೆ: ‘ಆ ವರ್ಷ ಅಜ್ಜ ಕಿಗ್ಗಕ್ಕೆ ಹೋಗಿದ್ದು ಮಳೆ ಬರಲಿ ಅಂತಲ್ಲ, ನಿಲ್ಲಲಿ ಅಂತ ಎಂದು ಅಜ್ಜಿ ಹೇಳುತ್ತಾರೆ.’ ಓದಿ ಅಲ್ಲೇ ನಿಂತೆ. ಮುಂದಿನ ಸಾಲಿನಲ್ಲೇ ನೀವು ‘ಹೀಗೆ ಇವರ ಮಹಿಮೆ ಅಪಾರ’ ಅಂತ ಓಡಿಬಿಟ್ಟಿದ್ದೀರಿ!

ಬಯಲುಸೀಮೆಯವರಿಗೆ ಮಳೆ ನಿಲ್ಲಿಸು ಅಂತ ಬೇಡುವುದು ಅರ್ಥವಾಗುವುದು ಕಷ್ಟ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದ ನನಗೆ ಗೊತ್ತು. ಪುಷ್ಯ ಮಳೆ ಹಿಡಿದರೆ ಬಿಡುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯಲು ಮೈಲುತುತ್ತ, ಸುಣ್ಣ ತಂದಿಟ್ಟಾಗಿದೆ. ನೂರು ಲೀಟರ್ ನೀರಿಗೆ ಒಂದೊಂದು ಕೆ.ಜಿ. ಮರ ಹತ್ತುವ ಕೊನೆಗಾರ ಬಂದು ಜಗುಲಿಯಲ್ಲಿ ಕೂತಿದ್ದಾನೆ. ಮರ ಜಾರುತ್ತದೆ, ಹತ್ತಲು ಆಗುವುದಿಲ್ಲ. ಹತ್ತಿ ಔಷಧಿ ಹೊಡೆದರೂ ಒಣಗುವ ಮೊದಲೇ ತೊಳೆದು ಹೋಗುತ್ತದೆ. ಅರ್ಧ ದಿನ ಹೊಳವು, ಅಂದರೆ ಮಳೆಯ ಬಿಡುವು, ಸಿಕ್ಕರೆ ಸಾಕು. ಸಿಗುವುದಿಲ್ಲ. ಬೆಳಿಗ್ಗೆ ಎದ್ದರೆ ಮರದ ಬುಡದಲ್ಲಿ ಹಸಿರು ಕಾಯಿ ಉದುರಿ ಬಿದ್ದಿರುತ್ತದೆ, ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಪ್ಪಾಗಿ. ಕೊಳೆ ಬಂತು ಅಂತ ಯಾರೂ ಜೋರಾಗಿ ಹೇಳುವುದಿಲ್ಲ. ಅಂಥ ದಿನ ನಿಮ್ಮ ಅಜ್ಜ ಕಂಬಳಿಕೊಪ್ಪೆ ಹಾಕಿಕೊಂಡು ಕಿಗ್ಗದ ದಾರಿ ಹಿಡಿದಿರಬೇಕು. ಅಂಗದೇಶಕ್ಕೆ ಮಳೆ ತಂದವನ ಹತ್ತಿರ ಹೋಗಿ, ಸ್ವಾಮಿ, ಈಗ ಸ್ವಲ್ಪ ಸಾಕು ಮಾಡು ಅಂತ ಕೇಳಲು.

ನಿಮ್ಮ ಲೇಖನ ಇಲ್ಲಿಂದ ಶುರುವಾಗಬೇಕು. ಅಜ್ಜಿ ಇದ್ದಾರಲ್ಲ, ಪಕ್ಕದಲ್ಲಿ ಕೂತು ಕೇಳಿ. ಅಜ್ಜ ನಡೆದು ಹೋದರಾ, ಯಾರ ಜೊತೆ ಹೋದರು, ಹರಕೆ ಏನು ಹೇಳಿಕೊಂಡರು, ತೆಂಗಿನಕಾಯಿ ಯಾವ ಮರದ್ದು. ಅಜ್ಜಿ ಹೇಳಿದ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಆ ವರ್ಷ ಹೊಳವು ಸಿಕ್ಕಿತಾ ಅಂತಲೂ ಕೇಳಿ. ಸಿಗಲಿಲ್ಲ ಅಂದರೆ ಅದನ್ನೂ ಹಾಗೇ ಬರೆಯಿರಿ.

ಮೂರು ಪುಟ ಸಾಕು. ಆರಿದ್ರೆ ಮಳೆ ಶುರುವಾಗುವ ಮೊದಲು ಕಳಿಸಿ. ಮಳೆಗಾಲದ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ, ಶಿವಮೊಗ್ಗ