ಆನಗೋಡಿನ ಎರಡೂವರೆ ಎಕರೆಯಲ್ಲಿ ಸಮುದಾಯ ಬೆಂಬಲಿತ ಕೃಷಿ ಆರಂಭಿಸುವುದು ಹೇಗೆ?

ಆನಗೋಡಿನ ಹತ್ತಿರ ತಂದೆಯವರ ಎರಡೂವರೆ ಎಕರೆ ಕೆಂಪು ನೆಲ ಮತ್ತು ಒಂದು ಕೊಳವೆಬಾವಿ ಇದೆ, ಇದುವರೆಗೆ ಅಲ್ಲಿ ಮೆಕ್ಕೆಜೋಳವನ್ನಷ್ಟೇ ಬೆಳೆದಿದ್ದೇವೆ, ದಾವಣಗೆರೆಯ ಕುಟುಂಬಗಳಿಂದ ಮುಂಗಡ ಹಣ ಪಡೆದು ವಾರವಾರ ತರಕಾರಿ ಕೊಡುವ ತೋಟ ಮಾಡಬೇಕೆಂದಿದ್ದೇನೆ ಎಂದು ಬರೆದಿದ್ದೀರಿ. ಇದನ್ನು ಎಲ್ಲಿ ಕಲಿಯಬೇಕು, ಬೆಂಗಳೂರಿನ ಕೆಲಸವನ್ನು ಯಾವಾಗ ಬಿಡಬೇಕು ಎಂಬುದು ನಿಮ್ಮ ಪ್ರಶ್ನೆ. ನಾನು ಇದೇ ತಾಲ್ಲೂಕಿನಲ್ಲಿ ಕೆಲವು ವರ್ಷಗಳಿಂದ ಇಂಥ ತೋಟವನ್ನು ನಡೆಸುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಈ ಪದ್ಧತಿಯ ತಿರುಳು ಮುಂಗಡ ಹಣದಲ್ಲಿದೆ. ತರಕಾರಿಯನ್ನು ಬುಟ್ಟಿಗೆ ತುಂಬಿ ಮನೆಗೆ ತಲುಪಿಸುವ ವ್ಯಾಪಾರವನ್ನು ಯಾರು ಬೇಕಾದರೂ ಮಾಡಬಹುದು. ಆದರೆ ಬಿತ್ತುವ ಮೊದಲೇ ತಿನ್ನುವವರು ರೈತನ ಖರ್ಚನ್ನು ಹಂಚಿಕೊಂಡು, ಬೆಳೆ ಚೆನ್ನಾಗಿ ಬಂದರೆ ಹೆಚ್ಚು, ಕೈಕೊಟ್ಟರೆ ಕಡಿಮೆ ಎಂದು ಒಪ್ಪಿಕೊಂಡಾಗ ಮಾತ್ರ ಅದು ಸಮುದಾಯ ಬೆಂಬಲಿತ ಕೃಷಿಯಾಗುತ್ತದೆ. ಜಪಾನಿನಲ್ಲಿ 1970ರ ದಶಕದಲ್ಲಿ ಗೃಹಿಣಿಯರು ಮತ್ತು ಸಾವಯವ ರೈತರು ಇಂಥ ನೇರ ಒಪ್ಪಂದಗಳನ್ನು ಬೆಳೆಸಿದರು. ಅಮೆರಿಕದಲ್ಲಿ 1986ರಲ್ಲಿ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳ ಎರಡು ತೋಟಗಳಲ್ಲಿ ಇದು ಆರಂಭವಾಯಿತು. ನ್ಯೂ ಹ್ಯಾಂಪ್‌ಶೈರಿನ ಟೆಂಪಲ್-ವಿಲ್ಟನ್ ತೋಟದವರು ವರ್ಷದ ಖರ್ಚಿನ ಪಟ್ಟಿಯನ್ನು ಸಭೆಯ ಮುಂದಿಡುತ್ತಾರೆ, ಸದಸ್ಯರು ಒಬ್ಬೊಬ್ಬರೂ ತಮ್ಮ ಶಕ್ತಿಗೆ ತಕ್ಕಷ್ಟು ಮೊತ್ತವನ್ನು ಹೇಳುತ್ತಾರೆ, ಒಟ್ಟು ಸಾಲದಿದ್ದರೆ ಸಭೆಯಲ್ಲಿಯೇ ಇನ್ನೊಂದು ಸುತ್ತು ನಡೆಯುತ್ತದೆ. ಒಬ್ಬರ ಹೊಲದಲ್ಲಿ ಇನ್ನೊಬ್ಬರು ಸರದಿಯಂತೆ ದುಡಿಯುವ ಮುಯ್ಯಾಳಿನ ರೂಢಿಯನ್ನು ಕಂಡ ನಮ್ಮ ಊರಿನ ಹಿರಿಯರಿಗೆ ಇದನ್ನು ವಿವರಿಸಿದರೆ ಅವರು ತಕ್ಷಣ ಒಪ್ಪುತ್ತಾರೆ. ಪೇಟೆಯವರಿಗೆ ಒಪ್ಪಿಸಲು ಮಾತ್ರ ಸಮಯ ಹಿಡಿಯುತ್ತದೆ, ಆ ಸಮಯವನ್ನು ನೀವು ಕೊಡಲೇಬೇಕು.

ಹಾಗಾಗಿ ಬೀಜ ಕೊಳ್ಳುವ ಮೊದಲು ಮನೆಗಳನ್ನು ಹುಡುಕಿ. ಯುಗಾದಿಯ ಹೊತ್ತಿಗೆ ವಿದ್ಯಾನಗರ, ಪಿ.ಜೆ. ಬಡಾವಣೆ, ಎಂ.ಸಿ.ಸಿ. ಬ್ಲಾಕ್ ಹೀಗೆ ನಿಮ್ಮ ಬಂಧುಬಳಗವಿರುವ ಒಂದೋ ಎರಡೋ ಬಡಾವಣೆಗಳಲ್ಲಿ ಹತ್ತು ಹದಿನೈದು ಕುಟುಂಬಗಳನ್ನು ಕೂರಿಸಿಕೊಂಡು ಮಾತನಾಡಿ. ಅವರು ವಾರದಲ್ಲಿ ನಿಜವಾಗಿ ಏನನ್ನು ಬೇಯಿಸುತ್ತಾರೆ, ಏನನ್ನು ಬಿಸಾಡುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ನಮ್ಮ ಸೀಮೆಯಲ್ಲಿ ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಮೆಂತ್ಯ ಸೊಪ್ಪು, ಹಕ್ಕರಿಕೆ, ಈರುಳ್ಳಿ ಸೊಪ್ಪು, ಮೂಲಂಗಿ, ಸೌತೆಕಾಯಿಗಳಿಗೆ ಎಷ್ಟು ಬೇಡಿಕೆಯಿದೆ ಎಂಬುದು ಬೇರೆ ಊರಿನ ಯೋಜನೆಗಳನ್ನು ನಕಲು ಮಾಡುವವರಿಗೆ ತಿಳಿಯುವುದಿಲ್ಲ. ಲೆಟ್ಯೂಸ್, ಬ್ರೊಕೊಲಿಗಳನ್ನು ಮೊದಲ ಎರಡು ವರ್ಷ ಮರೆತುಬಿಡಿ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2011ರ ಆಹಾರ ಮಾರ್ಗಸೂಚಿಯು ಒಬ್ಬರಿಗೆ ದಿನಕ್ಕೆ 300 ಗ್ರಾಂ ತರಕಾರಿ ಬೇಕು ಎಂದಿತ್ತು, ಅಂದರೆ ನಾಲ್ವರ ಮನೆಗೆ ವಾರಕ್ಕೆ ಸುಮಾರು 8 ಕಿಲೊ. ಈರುಳ್ಳಿ, ಆಲೂಗಡ್ಡೆಗಳನ್ನು ಅವರು ಹೊರಗೆ ಕೊಳ್ಳುತ್ತಾರೆ ಎಂದು ಬಿಟ್ಟರೆ ವಾರಕ್ಕೆ 5 ಕಿಲೊದ ಪಾಲು ಸಾಕಾಗುತ್ತದೆ. ಬೆಲೆಯನ್ನು ಮಾರುಕಟ್ಟೆಯ ದರ ನೋಡಿ ಕಟ್ಟಬೇಡಿ; ಖರ್ಚಿನಿಂದ ಕಟ್ಟಿ. ಲೆಕ್ಕದ ಸಲುವಾಗಿ ಹೇಳುವುದಾದರೆ, ನಿಮ್ಮ ಕೂಲಿಯೂ ಸೇರಿ ಒಂದು ಎಕರೆಯ ವರ್ಷದ ಖರ್ಚು 4,80,000 ರೂಪಾಯಿ ಮತ್ತು ಸದಸ್ಯ ಕುಟುಂಬಗಳು 40 ಎಂದಿಟ್ಟುಕೊಂಡರೆ ಒಂದು ಪಾಲು ವರ್ಷಕ್ಕೆ 12,000 ರೂಪಾಯಿ ಆಗುತ್ತದೆ, 48 ವಾರಗಳಿಗೆ ಹಂಚಿದರೆ ವಾರಕ್ಕೆ 250. ಈ ಪಟ್ಟಿಯಲ್ಲಿ ನಿಮ್ಮ ಮತ್ತು ಮನೆಯವರ ದುಡಿಮೆಗೆ ಕೂಲಿ ಬರೆಯದಿದ್ದರೆ ತೋಟ ಎರಡನೆಯ ವರ್ಷಕ್ಕೇ ಸೋಲುತ್ತದೆ, ಸೋತದ್ದು ಯಾಕೆ ಎಂಬುದು ಸದಸ್ಯರಿಗೆ ತಿಳಿಯುವುದೇ ಇಲ್ಲ. ಒಟ್ಟಿಗೆ ಕೊಡಲಾಗದವರಿಂದ ಎರಡು ಮೂರು ಕಂತುಗಳಲ್ಲಿ ಪಡೆಯಿರಿ, ಆದರೆ ಮೊದಲ ಕಂತು ಬಿತ್ತನೆಗೆ ಮುಂಚೆಯೇ ಬರಲಿ.

ಇನ್ನು ಕಲಿಕೆ. ಒಂದೊಂದು ತರಕಾರಿ ಬೆಳೆಯುವ ಕ್ರಮವನ್ನು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ, ಚಿತ್ರದುರ್ಗ ಜಿಲ್ಲೆಯವರಾದರೆ ಹಿರಿಯೂರಿನ ಬಬ್ಬೂರು ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಕಲಿಯಬಹುದು. ಮಣ್ಣು ಮತ್ತು ನೀರಿನ ಪರೀಕ್ಷೆಯನ್ನು ಮೊದಲು ಮಾಡಿಸಿ. ಕಠಿಣವಾದದ್ದು ಎಡೆಬಿಡದೆ ಬೆಳೆಯುವುದು, ಅದನ್ನು ತರಬೇತಿಯಲ್ಲಿ ಕಲಿಸುವುದು ಕಡಿಮೆ. ಮೆಕ್ಕೆಜೋಳದವನು ವರ್ಷಕ್ಕೆ ಒಮ್ಮೆ ಬಿತ್ತಿ ಒಮ್ಮೆ ಮಾರುತ್ತಾನೆ. ನೀವು ಪ್ರತಿ ವಾರ ಏನನ್ನಾದರೂ ಬಿತ್ತಬೇಕು, ಪ್ರತಿ ವಾರ ಏಳೆಂಟು ಬಗೆಯನ್ನು ಕೊಯ್ಯಬೇಕು. ಮೆಂತ್ಯ ಮತ್ತು ದಂಟು 25ರಿಂದ 30 ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ, ಆದ್ದರಿಂದ ಅವನ್ನು ವಾರವಾರ ಒಂದೊಂದು ಮಡಿಗೆ ಬಿತ್ತಬೇಕು. ಮೂಲಂಗಿಗೆ 45 ದಿನ, ಎರಡು ವಾರಕ್ಕೊಮ್ಮೆ ಸಾಕು. ಬೆಂಡೆ 45 ದಿನಕ್ಕೆ ಕಾಯಿ ಕೊಡಲು ಆರಂಭಿಸಿ ಸುಮಾರು ಒಂದೂವರೆ ತಿಂಗಳು ಕೊಡುವುದರಿಂದ ತಿಂಗಳಿಗೊಂದು ಸಾಲು ಸೇರಿಸಿದರೆ ಒಂದು ಮುಗಿಯುವ ಮೊದಲೇ ಇನ್ನೊಂದು ಕೈಗೆ ಬರುತ್ತದೆ; ನಮ್ಮಲ್ಲಿ ಹಳದಿ ನಂಜುರೋಗದ ಕಾಟವಿರುವುದರಿಂದ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕದಂಥ ನಿರೋಧಕ ತಳಿಯಿಂದ ಆರಂಭಿಸಬಹುದು. ಬದನೆ, ಮೆಣಸಿನಕಾಯಿಗಳನ್ನು ವರ್ಷಕ್ಕೆ ಎರಡೋ ಮೂರೋ ಬಾರಿ ನಾಟಿ ಮಾಡಿದರೆ ಸಾಕು. ಒಂದು ದೊಡ್ಡ ಹಾಳೆಯ ಮೇಲೆ ಕೊಯ್ಲಿನ ವಾರಗಳನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಎಣಿಸಿ ಬಿತ್ತನೆಯ ವಾರವನ್ನು ಗುರುತಿಸಿ. ನನ್ನ ತೋಟದಲ್ಲಿ ಅತ್ಯಂತ ಹೆಚ್ಚು ಬಳಕೆಯಾಗುವ ಸಲಕರಣೆ ಈ ಹಾಳೆಯೇ.

ಮೊದಲ ಮುಂಗಾರಿನಲ್ಲಿ ಅರ್ಧ ಎಕರೆ ಮೀರಬೇಡಿ, ಹದಿನೈದು ಕುಟುಂಬಗಳನ್ನು ಮೀರಬೇಡಿ. ಉಳಿದ ನೆಲದಲ್ಲಿ ತೊಗರಿ, ನವಣೆ, ಶೇಂಗಾ ಹಾಕಿ. ಇದಕ್ಕೆ ಕಾರಣ ನಮ್ಮ ಬೇಸಿಗೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಸೊಪ್ಪು ನೆರಳು ಪರದೆಯಿಲ್ಲದೆ ಏಳುವುದಿಲ್ಲ, ಟೊಮ್ಯಾಟೊ ಹೂ ಉದುರಿಸುತ್ತದೆ, ಕೊಳವೆಬಾವಿಯ ನೀರು ಇಳಿಯುತ್ತದೆ. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿಯೂ ಕೊನೆಭಾಗದ ರೈತರಿಗೆ ಬೇಸಿಗೆಯ ನೀರು ತಲುಪುವುದು ಅನುಮಾನವೇ. 2023ರ ಬರವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ವಾರಗಳಲ್ಲಿ ಸದಸ್ಯರ ಚೀಲದಲ್ಲಿ ಕೂಡಿಟ್ಟ ಸಿಹಿಗುಂಬಳ, ಬೂದುಗುಂಬಳ, ಈರುಳ್ಳಿಗಳ ಜೊತೆ ತೊಗರಿಬೇಳೆ, ನವಣೆ ಅಕ್ಕಿ, ಗಾಣದ ಶೇಂಗಾ ಎಣ್ಣೆ ಇದ್ದರೆ ಯಾರೂ ಕೊರತೆ ಎನ್ನುವುದಿಲ್ಲ. ಜಗಳೂರು, ಚಳ್ಳಕೆರೆ ಕಡೆಯ ಮಳೆಯಾಶ್ರಿತ ರೈತರಿಗಂತೂ ತರಕಾರಿಯ ಗೊಡವೆಯೇ ಇಲ್ಲದೆ ಬೇಳೆ, ಸಿರಿಧಾನ್ಯ ಮತ್ತು ಎಣ್ಣೆಯ ವಾರ್ಷಿಕ ಪಾಲನ್ನು ಕೊಡುವುದೇ ಸರಿಯಾದ ದಾರಿ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕಾಳು ಒಂದು ವಾರ ತಡವಾದರೆ ಕೆಡುವುದಿಲ್ಲ, ಶೇಂಗಾ ಅವರ ನೆಲದ ಬೆಳೆ, ಮತ್ತು ಅವರಿಗೆ ಅತ್ಯಂತ ದೊಡ್ಡ ತೊಡಕಾದ ಬಿತ್ತನೆಯ ಕಾಲದ ಸಾಲವನ್ನು ಮುಂಗಡ ಹಣವು ತಪ್ಪಿಸುತ್ತದೆ. ಅಂಥವರಿಗೆ ಕೃಷಿ ಹೊಂಡವೊಂದಿದ್ದರೆ ಮನೆಯ ಮುಂದೆ ನಾಲ್ಕು ಮಡಿ ಸೊಪ್ಪು ಹೆಚ್ಚುವರಿಯಾಗಿ ಸಿಕ್ಕೀತು.

ಒಪ್ಪಂದ ಕಾಗದದ ಮೇಲಿರಲಿ, ಒಂದು ಪುಟ ಸಾಕು. ಆಲಿಕಲ್ಲು ಬಿದ್ದರೆ, ಕೊಳವೆಬಾವಿ ಬತ್ತಿದರೆ, ರೋಗ ಬಂದರೆ ಹಣ ಹಿಂತಿರುಗುವುದಿಲ್ಲ, ಉಳಿದ ಬೆಳೆಯನ್ನು ಎಲ್ಲರಿಗೂ ಸಮನಾಗಿ ಹಂಚಲಾಗುವುದು ಎಂದು ಸ್ಪಷ್ಟವಾಗಿ ಬರೆಯಿರಿ. ಕೊರತೆಯಿರುವ ವಾರದಲ್ಲಿ ಹೊರಗಿನಿಂದ ಕೊಂಡು ಚೀಲ ತುಂಬಿಸುವ ಆಸೆ ಬರುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ. ಹಿಂದಿನ ರಾತ್ರಿಯೇ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಹಾಕಿ, ಈ ವಾರ ಹೀರೆಗೆ ಬೂದಿರೋಗ ಬಂದಿದೆ, ಮೂರು ಕಿಲೊ ಮಾತ್ರ ಎಂದು ಹೇಳಿಬಿಟ್ಟರೆ ಬಹುತೇಕರು ಅರ್ಥಮಾಡಿಕೊಳ್ಳುತ್ತಾರೆ. ಹಾಗೆ ಅರ್ಥಮಾಡಿಕೊಳ್ಳದವರು ಮುಂದಿನ ವರ್ಷ ಬಿಟ್ಟುಹೋಗುವುದು ಇಬ್ಬರಿಗೂ ಒಳ್ಳೆಯದು. ಮನೆಮನೆಗೆ ತಲುಪಿಸುವುದನ್ನು ಒಪ್ಪಿಕೊಳ್ಳಬೇಡಿ. ಬಡಾವಣೆಗೊಂದು ಮನೆಯ ಜಗುಲಿಯಲ್ಲಿ ನಿಗದಿತ ಸಂಜೆ ಚೀಲಗಳನ್ನಿಟ್ಟರೆ ಸದಸ್ಯರೇ ಬಂದು ಒಯ್ಯುತ್ತಾರೆ, ಆಗ ಅವರು ಪರಸ್ಪರ ಮಾತನಾಡುತ್ತಾರೆ, ಹೊಸ ಸದಸ್ಯರು ಆ ಮಾತಿನಿಂದಲೇ ಹುಟ್ಟುತ್ತಾರೆ.

ಕಾನೂನಿನ ಎರಡು ವಿಷಯಗಳು. ಸಾವಯವ ಎಂದು ಹೇಳಿ ಮಾರಲು ಸಾಮಾನ್ಯವಾಗಿ ಪ್ರಮಾಣಪತ್ರ ಬೇಕು. ಆದರೆ ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರದ ಸಣ್ಣ ಉತ್ಪಾದಕರು ನೇರವಾಗಿ ಗ್ರಾಹಕರಿಗೆ ಮಾರುವಾಗ ವಿನಾಯಿತಿ ಇದೆ. ಮುಂದೆ ಬೆಳೆಯುವ ಆಸೆಯಿದ್ದರೆ ಅಕ್ಕಪಕ್ಕದವರೂ ಸೇರಿ ಕನಿಷ್ಠ ಐದು ರೈತರ ಗುಂಪು ಮಾಡಿ ಪಿಜಿಎಸ್ ಎಂಬ ಸಹಭಾಗಿತ್ವದ ಸಾವಯವ ಪ್ರಮಾಣೀಕರಣ ಪದ್ಧತಿಯಲ್ಲಿ ಹೆಸರು ನೋಂದಾಯಿಸಿ, ಅದರಲ್ಲಿ ರೈತರೇ ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ಎರಡನೆಯದು, ಪಕ್ಕದ ಹೊಲವನ್ನು ಗುತ್ತಿಗೆಗೆ ಪಡೆದು ವಿಸ್ತರಿಸುವ ಯೋಚನೆ. ಕರ್ನಾಟಕದಲ್ಲಿ 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿ ಭೂಮಿಯ ಗೇಣಿಗೆ, ಸೈನಿಕರಂಥ ಕೆಲವೇ ವಿನಾಯಿತಿಗಳನ್ನು ಬಿಟ್ಟು, ನಿಷೇಧವಿದೆ; ಬಾಯಿಮಾತಿನ ಗುತ್ತಿಗೆಯ ಮೇಲೆ ಸದಸ್ಯರ ಹಣವನ್ನು ಹೂಡುವುದು ಸರಿಯಲ್ಲ. ಪಕ್ಕದ ರೈತರನ್ನೇ ಪಾಲುದಾರರನ್ನಾಗಿ ಮಾಡಿಕೊಂಡು ಅವರ ಬೆಳೆಯನ್ನು ಅವರ ಹೆಸರಿನಲ್ಲಿಯೇ ಸದಸ್ಯರಿಗೆ ಕೊಡುವುದು ಮೇಲು.

ಕೆಲಸ ಬಿಡುವ ಬಗ್ಗೆ ನನ್ನ ಸಲಹೆ ಹೀಗಿದೆ. ಮೊದಲ ಮುಂಗಾರು ಮತ್ತು ಹಿಂಗಾರನ್ನು ಊರಿನಲ್ಲಿ ನಂಬಿಕಸ್ಥ ಸಹಾಯಕರೊಬ್ಬರನ್ನು ಇಟ್ಟುಕೊಂಡು, ಸಾಧ್ಯವಾದರೆ ದೂರದಿಂದ ಕೆಲಸ ಮಾಡುವ ಅನುಮತಿ ಪಡೆದು ನಡೆಸಿ. ಯುಗಾದಿಗೆ ಹೊಸ ವರ್ಷದ ಪಾಲಿನ ಹಣ ಕೇಳಿದಾಗ ಹಳೆಯ ಕುಟುಂಬಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟಾದರೂ ಬಿತ್ತನೆಗೆ ಮುಂಚೆ ಕಂತು ಕಟ್ಟಿದರೆ ಕೆಲಸ ಬಿಡಿ. ಅದಕ್ಕಿಂತ ಕಡಿಮೆಯಾದರೆ ಬಿಟ್ಟುಹೋದವರ ಮನೆಗಳಿಗೆ ಹೋಗಿ ಕಾರಣ ಕೇಳಿ, ಅದೇ ಅರ್ಧ ಎಕರೆಯಲ್ಲಿ ಇನ್ನೊಂದು ವರ್ಷ ಮಾಡಿ.