ಸೆಕೆಂಡ್ ಹ್ಯಾಂಡ್ ಟೈರ್ ತಗೋಬೇಕಾ? ಮೊದ್ಲು ರಿಮ್ಮಿಂದ ಬಿಚ್ಚಿಸಿ, ಒಳಗೆ ನೋಡಿ

ಮಳೆಗಾಲ ಹತ್ರ ಬರ್ತಿದ್ದ ಹಾಗೇ ಟೈರ್ ಬಗ್ಗೆ ಪ್ರಶ್ನೆಗಳು ಜಾಸ್ತಿ ಬರೋಕೆ ಶುರುವಾಗತ್ತೆ, ಈ ಸಲಾನೂ ಹಾಗೇ ಆಗಿದೆ. ಹಳೇ ಟೈರು, ಪಂಚರ್ ಹಾಕಿದ ಟೈರು, ರೀಸೋಲ್ ಮಾಡಿದ (ಸವೆದ ಮೇಲ್ಮೈ ತೆಗೆದು ಹೊಸ ರಬ್ಬರ್ ಪಟ್ಟಿ ಹಾಕಿದ) ಟೈರು ಇವುಗಳ ಬಗ್ಗೆ ಕೇಳಿರೋ ಪ್ರಶ್ನೆಗಳನ್ನ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ: ಸರ್, ನಮ್ಮ ಕಾರಿಗೆ 185/65 ಆರ್ 15 ಟೈರ್. ಮುಂದಿನ ಎರಡೂ ನುಣ್ಣಗಾಗಿವೆ. ಹೊಸದು ಒಂದಕ್ಕೆ 5000 ಹೇಳ್ತಿದಾರೆ. ಇಲ್ಲೇ ಒಂದು ಅಂಗಡೀಲಿ ಸೆಕೆಂಡ್ ಹ್ಯಾಂಡ್ ಟೈರ್ 2000ಕ್ಕೆ ಕೊಡ್ತೀನಿ, ಅರ್ಧ ಬಟನ್ (ನೆಲಕ್ಕೆ ತಾಗೋ ಕಡೆಯ ರಬ್ಬರ್ ಗೆರೆಗಳ ಆಳ) ಹಾಗೇ ಇದೆ, ಒಂದೂ ಪಂಚರ್ ಆಗಿಲ್ಲ ಅಂತಿದಾರೆ. ನೋಡೋಕೆ ಕಪ್ಪಗೆ ಹೊಸದರ ಥರಾನೇ ಇದೆ. ಮುಂದಿನ ತಿಂಗಳು ಮನೆಯವರನ್ನೆಲ್ಲ ಕರ್ಕೊಂಡು ಚಾರ್ಮಾಡಿ ಮೇಲೆ ಧರ್ಮಸ್ಥಳಕ್ಕೆ ಹೋಗೋದಿದೆ. ತಗೋಬಹುದಾ? (ದಾವಣಗೆರೆಯ ಓದುಗರು)

ಉತ್ತರ: ಮೊದಲು ದುಡ್ಡಿನ ಲೆಕ್ಕ ಹಾಕೋಣ, ಯಾಕಂದ್ರೆ ಹಳೇ ಟೈರ್ ಕಡೆ ಮನಸ್ಸು ಹೋಗೋದೇ ದುಡ್ಡು ಉಳಿಯತ್ತೆ ಅಂತ. ಕಾರಿನ ಹೊಸ ಟೈರಿಗೆ ಸಾಮಾನ್ಯವಾಗಿ 8 ಮಿಲಿಮೀಟರ್ ಹತ್ತಿರ ಬಟನ್ ಇರತ್ತೆ. ನಮ್ಮ ಮೋಟಾರು ವಾಹನ ನಿಯಮದ ಪ್ರಕಾರ ಕಾರಿಗೆ 1.6 ಮಿ.ಮೀ.ಗಿಂತ ಕಮ್ಮಿ ಆಗೋ ಹಾಗಿಲ್ಲ. ಅಂದ್ರೆ ಹೊಸ ಟೈರಲ್ಲಿ ನಮಗೆ ಓಡಿಸೋಕೆ ಸಿಗೋದು 6.4 ಮಿ.ಮೀ. ಅಷ್ಟೇ. ನಿಮಗೆ ತೋರಿಸಿರೋದ್ರಲ್ಲಿ ಅರ್ಧ, ಅಂದ್ರೆ 4 ಮಿ.ಮೀ. ಇದೆ ಅಂತಾನೇ ಇಟ್ಕೊಳ್ಳಿ, ಅದ್ರಲ್ಲಿ ಓಡಿಸೋಕೆ ಸಿಗೋದು 2.4. ಹೊಸದರ 5000 ರೂಪಾಯಿ ಲೆಕ್ಕದಲ್ಲೇ ಹೋದ್ರೂ ಆ 2.4ರ ಬೆಲೆ 1875 ಆಗತ್ತೆ, ನೀವು ಕೊಡ್ತಿರೋದು 2000. ಮೇಲೆ ಫಿಟ್ಟಿಂಗು, ಬ್ಯಾಲೆನ್ಸಿಂಗು, ಇನ್ನೊಂದು ವರ್ಷಕ್ಕೆ ಅದೇ ಖರ್ಚು ಮತ್ತೆ. ಉಳಿತಾಯ ಎಲ್ಲಿ ಬಂತು? ಅದೂ ಮಳೇಲಿ ಘಾಟಿ ಇಳಿಯೋರು 1.6ರ ತನಕ ಕಾಯಲೇಬಾರದು, 3 ಮಿ.ಮೀ. ಕೆಳಗೆ ಬಂತು ಅಂದ್ರೆ ನೀರನ್ನ ಪಕ್ಕಕ್ಕೆ ತಳ್ಳೋ ಶಕ್ತಿ ಚೆನ್ನಾಗೇ ಕುಗ್ಗಿರತ್ತೆ, ಬ್ರೇಕ್ ಒತ್ತಿದ್ರೆ ಗಾಡಿ ನಿಲ್ಲೋದು ಎಷ್ಟೋ ದೂರ ಹೋಗಿ. ಆ ಲೆಕ್ಕದಲ್ಲಿ ನಿಮಗೆ ಸಿಗ್ತಿರೋದು ಬರೀ 1 ಮಿ.ಮೀ.

ಇಷ್ಟಾದ್ಮೇಲೂ ತಗೊಳ್ಳೋದೇ ಅಂತಾದ್ರೆ ಹೇಗೆ ನೋಡಬೇಕು ಅಂತ ಹೇಳ್ತೀನಿ. ಕಪ್ಪಗೆ ಹೊಳೀತಿದೆ ಅಂದ್ರಲ್ಲ, ಅದಕ್ಕೇ ಮೊದ್ಲು ಅನುಮಾನ ಪಡಿ. ಅದು ಪಾಲಿಶ್. ಒದ್ದೆ ಬಟ್ಟೆ ತಗೊಂಡು ಟೈರಿನ ಪಕ್ಕದ ಗೋಡೆ, ಅಂದ್ರೆ ಸೈಡ್‌ವಾಲ್ ಚೆನ್ನಾಗಿ ಒರೆಸಿ, ಆಮೇಲೆ ಎರಡೂ ಹೆಬ್ಬೆರಳಲ್ಲಿ ರಬ್ಬರನ್ನ ಒತ್ತಿ ಹಿಗ್ಗಿಸಿ ನೋಡಿ. ಸುಮ್ನೆ ನೋಡಿದಾಗ ಕಾಣದಿರೋ ಸಣ್ಣ ಸಣ್ಣ ಬಿರುಕು ಆವಾಗ ಬಾಯಿ ಬಿಡತ್ತೆ. ಆಮೇಲೆ ಡಿಒಟಿ ಅಂತ ಇರೋ ಸಾಲು ಹುಡುಕಿ, ಕೊನೇಲಿ ನಾಲ್ಕು ಅಂಕಿ ಇರತ್ತೆ. 2319 ಅಂತ ಇದ್ರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾಗಿದ್ದು ಅಂತ ಅರ್ಥ. ಎಷ್ಟೋ ಟೈರಲ್ಲಿ ಈ ನಾಲ್ಕು ಅಂಕಿ ಒಂದೇ ಪಕ್ಕದಲ್ಲಿ ಇರತ್ತೆ, ಕಾಣಿಸ್ಲಿಲ್ಲ ಅಂದ್ರೆ ತಿರುಗಿಸಿ ನೋಡಿ, ಎರಡೂ ಕಡೆ ಇಲ್ಲ ಅಥವಾ ಉಜ್ಜಿ ಅಳಿಸಿದಾರೆ ಅಂದ್ರೆ ಅಲ್ಲಿಂದ ಎದ್ದು ಬಂದ್ಬಿಡಿ. ಐದು ವರ್ಷ ದಾಟಿದ ಹಳೇ ಟೈರನ್ನ ಬಟನ್ ಎಷ್ಟೇ ಇರಲಿ ನಾನಂತೂ ತಗೊಳ್ಳಿ ಅನ್ನಲ್ಲ.

ಬಟನ್ ವಿಷಯದಲ್ಲೂ ಒಂದು ಮೋಸ ನಡೆಯತ್ತೆ. ಪೂರ್ತಿ ಬೋಳಾದ ಟೈರಿಗೆ ಬಿಸಿ ಬ್ಲೇಡಲ್ಲಿ ಹೊಸದಾಗಿ ಗೆರೆ ಕೊರೆದು ಬಟನ್ ಇದೆ ಅಂತ ಮಾರ್ತಾರೆ. ಇದನ್ನ ಕಂಡುಹಿಡಿಯೋದು ಕಷ್ಟ ಏನಿಲ್ಲ. ಟೈರಿನ ಭುಜದ ಹತ್ರ, ಅಂದ್ರೆ ಬಟನ್ ಮುಗಿದು ಪಕ್ಕದ ಗೋಡೆ ಶುರುವಾಗೋ ಅಂಚಲ್ಲಿ, ಟಿಡಬ್ಲ್ಯುಐ ಅಂತಾನೋ ಸಣ್ಣ ತ್ರಿಕೋನಾನೋ ಇರತ್ತೆ, ಅದರ ನೇರಕ್ಕೆ ದೊಡ್ಡ ಗೆರೆಯೊಳಗೆ ಅಡ್ಡಡ್ಡ ಒಂದು ಸಣ್ಣ ದಿಣ್ಣೆ ಇರಬೇಕು, ಅದರ ಎತ್ತರಾನೇ 1.6 ಮಿ.ಮೀ. ಗೆರೆ ಆಳವಾಗಿದೆ ಆದ್ರೆ ದಿಣ್ಣೆ ಮಾಯ ಅಂದ್ರೆ ಬ್ಲೇಡು ಅದನ್ನೂ ಕೊರೆದುಕೊಂಡು ಹೋಗಿದೆ ಅಂತ ಲೆಕ್ಕ. ಕೆಳಗಿರೋ ಸ್ಟೀಲ್ ಬೆಲ್ಟಿನ ಮೇಲೆ ಆಮೇಲೆ ಕಾಗದದಷ್ಟು ರಬ್ಬರೂ ಉಳಿದಿರಲ್ಲ. ಕೆಲವು ಲಾರಿ ಟೈರಲ್ಲಿ ಹಾಗೆ ಕೊರೀಲಿ ಅಂತಾನೇ ಹೆಚ್ಚಿಗೆ ರಬ್ಬರ್ ಕೊಟ್ಟು ಮೇಲೆ ರೀಗ್ರೂವಬಲ್ ಅಂತ ಅಚ್ಚು ಹಾಕಿರ್ತಾರೆ, ನಮ್ಮ ನಿಮ್ಮ ಕಾರಿನ ಟೈರಲ್ಲಿ ಅದಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ್ದು. ಟೈರು ರಿಮ್ಮಿಗೆ ಹಾಕಿದ ಹಾಗೇ ಇದ್ರೆ ಬಿಚ್ಚಿ ತೋರಿಸಿ ಅನ್ನಿ, ಇಲ್ಲ ಅಂದ್ರೆ ಬೇಡ ಅನ್ನಿ. ಮೊಬೈಲ್ ಟಾರ್ಚ್ ಹಾಕಿ ಒಳಗಡೆ ಒಂದು ಸುತ್ತು ಪೂರ್ತಿ ನೋಡಿ. ಒಳ್ಳೇ ಟೈರಿನ ಒಳಮೈ ಒಂದೇ ಬಣ್ಣದಲ್ಲಿ ನಯವಾಗಿರತ್ತೆ. ಗಾಳಿ ಇಲ್ಲದೆ ಓಡಿಸಿದ ಟೈರಾದ್ರೆ ಸೈಡ್‌ವಾಲ್ ಒಳಗೆ ಸುತ್ತಲೂ ಉಂಗುರದ ಹಾಗೆ ಉಜ್ಜಿದ ಪಟ್ಟಿ ಕಾಣತ್ತೆ, ಸುಕ್ಕು ಬಿದ್ದಿರತ್ತೆ, ಕೈ ಆಡಿಸಿದ್ರೆ ಕಪ್ಪು ರಬ್ಬರ್ ಪುಡಿ ಬೆರಳಿಗೆ ಅಂಟತ್ತೆ. ಅದು ಟೈರಿನ ಮಾಂಸಖಂಡ ಹರಿದುಹೋದ ಹಾಗೆ, ಹೊರಗಿಂದ ಯಾರಿಗೂ ಗೊತ್ತಾಗಲ್ಲ, ಗಾಳಿನೂ ಹಿಡಿಯತ್ತೆ, ಬಿಸಿಲಲ್ಲಿ ಹೈವೇಗೆ ಹೋದಾಗ ಒಂದೇ ಸಲ ಸಿಡಿಯತ್ತೆ. ಒಂದೂ ಪಂಚರ್ ಇಲ್ಲ ಅನ್ನೋ ಮಾತು ನಿಜವಾ ಅಂತಾನೂ ಒಳಗೆ ನೋಡಿದ್ರೇನೇ ಗೊತ್ತಾಗೋದು. ಹಾಗೇ ರಿಮ್ಮಿಗೆ ಕೂರೋ ಅಂಚನ್ನೂ ಸವರಿ ನೋಡಿ, ಲಿವರ್ ಹಾಕಿ ಕಿತ್ತಾಗ ಅಲ್ಲಿ ಹರಿದು ತಂತಿ ಕಾಣ್ತಿದ್ರೆ ಅದೂ ಕೆಲಸಕ್ಕೆ ಬಾರದ ಟೈರು.

ಹಳೇದ್ರಲ್ಲಿ ನಂಬಬಹುದಾದ ಮಾಲು ಇಲ್ಲವೇ ಇಲ್ಲ ಅಂತಲ್ಲ. ಹೊಸ ಕಾರ್ ತಗೊಂಡ ವಾರದಲ್ಲೇ ಅಲಾಯ್ ಹಾಕ್ಸಿ ದೊಡ್ಡ ಟೈರ್‌ಗೆ ಹೋಗೋ ಜನ ಇದಾರೆ, ಅವರು ಬಿಚ್ಚಿಕೊಟ್ಟ ಟೈರ್ ಬೆಂಗಳೂರಿನ ಜೆ.ಸಿ. ರೋಡ್ ಕಡೆ ಎಲ್ಲ ಬರತ್ತೆ, ರಬ್ಬರಿನ ಸಣ್ಣ ಸಣ್ಣ ಮೀಸೆ ಕೂಡ ಮೇಲೆ ಹಾಗೇ ಇರತ್ತೆ. ಅಂಥದ್ದು ಸಿಕ್ಕಿದ್ರೆ, ಡೇಟ್ ಸರಿ ಇದ್ರೆ, ಸೈಜಿನ ಪಕ್ಕದ 88 ಎಚ್ ಥರದ ನಂಬರ್ ನಿಮ್ಮ ಕಾರಿಗೆ ಕಂಪನಿ ಹೇಳಿದ್ದಕ್ಕಿಂತ ಕಮ್ಮಿ ಇಲ್ಲದಿದ್ರೆ ಧಾರಾಳವಾಗಿ ತಗೊಳ್ಳಿ. 88 ಅಂದ್ರೆ ಆ ಒಂದು ಟೈರು 560 ಕೆ.ಜಿ. ಹೊರತ್ತೆ ಅಂತ, ಎಚ್ ಅಂದ್ರೆ ಗಂಟೆಗೆ 210 ಕಿ.ಮೀ. ವೇಗದ ತನಕ ತಡ್ಕೊಳ್ಳತ್ತೆ ಅಂತ.

ನಿಮ್ಮ ವಿಷಯಕ್ಕೆ ನನ್ನ ಮಾತು ಇಷ್ಟೇ, ಎರಡು ಹೊಸ ಟೈರ್ ತಗೊಳ್ಳಿ. ಅವನ್ನ ಹಿಂದಕ್ಕೆ ಹಾಕ್ಸಿ, ಈಗ ಹಿಂದೆ ಇರೋವು ಚೆನ್ನಾಗಿದ್ರೆ ಮುಂದಕ್ಕೆ ಬರಲಿ. ಅಂಗಡಿಯವರು ಮುಂದೇನೇ ಹೊಸದಿರಬೇಕು ಅಂತ ವಾದ ಮಾಡ್ತಾರೆ, ಕೇಳಬೇಡಿ. ಮಳೇಲಿ ಮುಂದಿನ ಚಕ್ರ ಜಾರಿದ್ರೆ ಆಕ್ಸಿಲರೇಟರಿಂದ ಕಾಲು ತೆಗೆದು ಹಿಡಿತಕ್ಕೆ ತಗೋಬಹುದು, ತಿರುವಲ್ಲಿ ಹಿಂದಿನದು ಜಾರಿದ್ರೆ ಗಾಡಿ ಗಿರಕಿ ಹೊಡಿಯತ್ತೆ, ಚಾರ್ಮಾಡಿ ತಿರುವಲ್ಲಿ ಅದನ್ನ ಸರಿ ಮಾಡ್ಕೊಳ್ಳೋಕೆ ಜಾಗಾನೂ ಇರಲ್ಲ.

ಪ್ರಶ್ನೆ: ನಮ್ಮ ಕಾರಿನ ಟೈರಿಗೆ ಸೈಡಲ್ಲಿ ಕಲ್ಲು ಹೊಡೆದು ಒಂದು ಇಂಚಿನಷ್ಟು ಹರಿದಿದೆ. ಟೈರ್ ತಗೊಂಡು ಎಂಟೇ ತಿಂಗಳು. ಒಳಗೆ ಗೇಟರ್ (ಹಳೇ ಟೈರಿನ ತುಂಡು) ಹಾಕಿ ಟ್ಯೂಬ್ ಸೇರಿಸಿ ಕೊಡ್ತೀನಿ, ಇನ್ನೂ ಎರಡು ವರ್ಷ ಓಡತ್ತೆ ಅಂತ ಪಂಚರ್ ಅಂಗಡಿಯವರು ಹೇಳ್ತಿದಾರೆ. ಇನ್ನೊಂದು ಟೈರಲ್ಲಿ ಸ್ಟ್ರಿಪ್ ಹಾಕ್ಸಿರೋ ಪಂಚರ್ ಎರಡಿದೆ, ಅದೇನೂ ತೊಂದ್ರೆ ಕೊಟ್ಟಿಲ್ಲ. (ರಾಯಚೂರಿನ ಓದುಗರು)

ಉತ್ತರ: ಗೇಟರ್ ಬೇಡ, ದಯವಿಟ್ಟು ಬೇಡ. ಹೊಸ ಟೈರು ಹೋಯ್ತಲ್ಲ ಅಂತ ಹೊಟ್ಟೆ ಉರಿಯೋದು ಸಹಜ, ಆದ್ರೆ ಸೈಡ್‌ವಾಲ್ ಹರಿದ ಕಾರ್ ಟೈರಿಗೆ ಸರಿಯಾದ ರಿಪೇರಿ ಅನ್ನೋದೇ ಇಲ್ಲ. ಚಕ್ರ ಸುತ್ತುವಾಗ ನೆಲಕ್ಕೆ ತಾಗೋ ಕಡೆಯೆಲ್ಲ ಸೈಡ್‌ವಾಲ್ ಬಗ್ಗಿ ಎದ್ದೇಳತ್ತೆ. 15 ಇಂಚಿನ ಮಾಮೂಲಿ ಕಾರ್ ಟೈರು ನೂರರ ಸ್ಪೀಡಲ್ಲಿ ಸೆಕೆಂಡಿಗೆ 14 ಸುತ್ತು ಹೊಡಿಯತ್ತೆ, ಅಂದ್ರೆ ಆ ಹರಿದ ಜಾಗ ಸೆಕೆಂಡಿಗೆ 14 ಸಲ ಬಗ್ಗಿ ಏಳತ್ತೆ. ಭಾರ ಹೊರೋದು ಅಲ್ಲಿರೋ ದಾರಗಳು, ಅವೇ ತುಂಡಾಗಿವೆ, ನೀವು ಒಳಗಿಂದ ಹಳೇ ಟೈರಿನ ತುಂಡು ಅಂಟಿಸಿದ್ರೆ ದಾರ ಕೂಡ್ಕೊಳ್ಳಲ್ಲ. ಟ್ಯೂಬು ಆ ತುಂಡಿಗೆ ಉಜ್ಜಿ ಉಜ್ಜಿ ಬಿಸಿಯಾಗತ್ತೆ, ತೂತಾದ್ರೆ ಗಾಳಿ ವಾಲ್ವ್ ಪಕ್ಕದಲ್ಲೇ ಒಮ್ಮೆಲೇ ಹೊರಗೆ ಹೋಗತ್ತೆ. ಟ್ಯೂಬ್‌ಲೆಸ್ಸಲ್ಲಿ ಮೊಳೆ ಚುಚ್ಚಿದ್ರೂ ಮೆಲ್ಲಗೆ ಇಳಿಯೋ ಅನುಕೂಲ ಇತ್ತಲ್ಲ, ಅದೂ ಕೈ ತಪ್ಪತ್ತೆ. ನಿಮ್ಮ ಕಡೆ ಏಪ್ರಿಲ್ ಮೇ ಬಿಸಿಲಿನ ರಸ್ತೆ ಬೇರೆ.

ಸೈಡಲ್ಲಿ ಮೊಟ್ಟೆ ಥರ ಊದ್ಕೊಂಡಿರೋದೂ ಇದೇ ಜಾತಿ, ಗುಂಡಿಗೆ ಬಿದ್ದಾಗ ಒಳಗಿನ ದಾರ ಕಡಿದು ಗಾಳಿ ಪದರದೊಳಗೆ ನುಗ್ಗಿರತ್ತೆ. ಅದನ್ನ ಅವತ್ತೇ ಬದಲಾಯಿಸಿ. ಒಳಕ್ಕೆ ಸ್ವಲ್ಪ ತಗ್ಗಿದ ಗೆರೆ ಕಂಡ್ರೆ ಮಾತ್ರ ಹೆದರಬೇಡಿ, ರೇಡಿಯಲ್ ಟೈರಲ್ಲಿ ಪದರಗಳು ಕೂಡೋ ಜಾಗದಲ್ಲಿ ಅದು ಮಾಮೂಲಿ.

ಇನ್ನು ಸ್ಟ್ರಿಪ್ ವಿಷಯ. ಹೊರಗಿಂದಾನೇ ಚುಚ್ಚಿ ಹಾಕೋ ಸ್ಟ್ರಿಪ್ ರಸ್ತೇಲಿ ಸಿಕ್ಕಾಕೊಂಡಾಗ ಮನೆ ಸೇರೋಕೆ ಬಹಳ ಒಳ್ಳೇದು. ಅದು ಗಾಳಿ ನಿಲ್ಲಿಸತ್ತೆ ನಿಜ, ಆದ್ರೆ ಹಾಕಿದವರು ಟೈರ್ ಒಳಗೆ ನೋಡಿಲ್ಲ. ಮೊಳೆ ಒಳಗೆ ಎಷ್ಟು ಗೀರಿದೆ, ಗಾಳಿ ಇಳಿದ ಮೇಲೆ ನೀವು ಎಷ್ಟು ದೂರ ಓಡಿಸಿ ಸೈಡ್‌ವಾಲ್ ಅರೆದಿದೀರ ಇದು ಯಾವುದೂ ಗೊತ್ತಾಗಲ್ಲ. ತೂತಿನ ಮೂಲಕ ನೀರು ಇಳಿದ್ರೆ ಸ್ಟೀಲ್ ಬೆಲ್ಟ್ ತುಕ್ಕು ಹಿಡಿಯತ್ತೆ. ಸರಿಯಾದ ರಿಪೇರಿ ಅಂದ್ರೆ ಟೈರ್ ಬಿಚ್ಚಿ, ಒಳಮೈ ಪರೀಕ್ಷೆ ಮಾಡಿ, ಉಜ್ಜಿ, ಮಶ್ರೂಮ್ ಪ್ಯಾಚ್ ಹಾಕೋದು. ಅದರ ಕಡ್ಡಿ ತೂತನ್ನ ತುಂಬತ್ತೆ, ಕೊಡೆಯಂಥ ಭಾಗ ಒಳಗಿಂದ ಅಂಟಿ ಗಾಳಿ ತಡೀತದೆ. ಇದೂ ನೆಲಕ್ಕೆ ತಾಗೋ ಭಾಗದ ನಡುವಲ್ಲಿ ಇರೋ, 6 ಮಿ.ಮೀ. ಒಳಗಿನ ತೂತಿಗೆ ಮಾತ್ರ, ಭುಜದ ಹತ್ರ ಬಂದ್ರೆ ಇಲ್ಲ. ನಿಮ್ಮ ಎರಡು ಸ್ಟ್ರಿಪ್ಪಿನ ಟೈರನ್ನ ಈ ವಾರಾನೇ ಬಿಚ್ಚಿಸಿ, ತೂತುಗಳು ಒಂದಕ್ಕೊಂದು ದೂರ ಇದ್ದು ಒಳಗೆ ಉಂಗುರ, ಪುಡಿ ಏನೂ ಇಲ್ಲ ಅಂದ್ರೆ ಎರಡಕ್ಕೂ ಮಶ್ರೂಮ್ ಹಾಕ್ಸಿ ನೆಮ್ಮದಿಯಾಗಿ ಓಡಿಸಿ.

ಪ್ರಶ್ನೆ: ಸರ್ಕಾರಿ ಬಸ್ಸಿಗೇ ರೀಸೋಲ್ ಟೈರ್ ಹಾಕ್ತಾರೆ, ಐವತ್ತು ಜನರನ್ನ ಹೊತ್ಕೊಂಡು ಹೋಗತ್ತೆ. ನನ್ನ ಟ್ಯಾಕ್ಸಿಗೆ ಹಾಕ್ಸಿದ್ರೆ ಏನು ತಪ್ಪು? (ಹಾಸನದ ಓದುಗರು)

ಉತ್ತರ: ಒಳ್ಳೇ ಪ್ರಶ್ನೆ. ಬಸ್ ಯಾಕೆ, ವಿಮಾನದ ಟೈರನ್ನೂ ಎಷ್ಟೋ ಸಲ ರೀಸೋಲ್ ಮಾಡಿ ಹಾಕ್ತಾರೆ. ರೀಸೋಲ್ ಅನ್ನೋದೇ ಕೆಟ್ಟದ್ದಲ್ಲ. ಆದ್ರೆ ಅಲ್ಲಿ ಪ್ರತಿ ಟೈರಿನ ಚರಿತ್ರೆ ಅವರ ಕೈಯಲ್ಲೇ ಇರತ್ತೆ, ಯಾವ ಗಾಡೀಲಿ ಎಷ್ಟು ಓಡ್ತು, ಎಷ್ಟು ಸಲ ರೀಸೋಲ್ ಆಯ್ತು ಅನ್ನೋದೆಲ್ಲ. ಒಳಗೂ ಹೊರಗೂ ನೋಡಿ, ಹಳೇ ಬಟನ್ ಉಜ್ಜಿ ತೆಗೆದು, ಹೊಸ ಪಟ್ಟಿ ಸುತ್ತಿ, ಚೇಂಬರಲ್ಲಿ ಬೇಯಿಸ್ತಾರೆ. ಬಟನ್ ಕೆಳಗಿರೋ ಟೈರಿನ ಬುಡಾನೂ ಅದಕ್ಕೆ ಅಂತಾನೇ ಗಟ್ಟಿಯಾಗಿ ಮಾಡಿರೋದು. ಅಷ್ಟಾದ್ರೂ ಸಾಮಾನ್ಯವಾಗಿ ಹಾಕೋದು ಹಿಂದಿನ ಜೋಡಿ ಚಕ್ರಕ್ಕೆ, ಸ್ಟೇರಿಂಗ್ ಇರೋ ಮುಂದಿನ ಚಕ್ರಕ್ಕೆ ಹೊಸದೇ ಹಾಕ್ತಾರೆ. ನಿಮ್ಮ ಟ್ಯಾಕ್ಸಿಗೆ ಹಿಂದೆ ಜೋಡಿ ಚಕ್ರ ಇಲ್ಲ, ಒಂದು ಕೈ ಕೊಟ್ರೆ ಭಾರ ಹಿಡಿಯೋಕೆ ಪಕ್ಕದಲ್ಲಿ ಇನ್ನೊಂದಿಲ್ಲ, ಬುಡ ತೆಳು, ಸ್ಪೀಡು ಬಸ್ಸಿಗಿಂತ ಜಾಸ್ತಿ, ಆ ಟೈರು ಮೊದ್ಲು ಯಾರ ಗಾಡೀಲಿತ್ತೋ ಯಾರಿಗೂ ಗೊತ್ತಿಲ್ಲ. ಬೇಡ ಅಂತಾನೇ ಹೇಳ್ತೀನಿ.

ಪ್ರಶ್ನೆ: ನಮ್ಮ ಸ್ಟೆಪ್ನಿ 2014ರದ್ದು, ಒಂದು ದಿನಾನೂ ರಸ್ತೆಗೆ ಇಳಿದಿಲ್ಲ, ಬಟನ್ ಪೂರ್ತಿ ಇದೆ. ಮುಂದಿನ ಚಕ್ರಕ್ಕೆ ಹಾಕ್ಕೋಬಹುದಾ? (ಶಿವಮೊಗ್ಗದ ಓದುಗರು)

ಉತ್ತರ: ಬೇಡಮ್ಮ. ಓಡಿಸದೇ ಇದ್ರೂ ರಬ್ಬರಿಗೆ ವಯಸ್ಸಾಗತ್ತೆ, ಗಾಳಿಯಲ್ಲಿರೋ ಆಮ್ಲಜನಕ ಅದನ್ನ ಗಟ್ಟಿ ಮಾಡ್ತಾ ಹೋಗತ್ತೆ, ಹಿಡಿತ ಹೋಗತ್ತೆ. ಐದು ವರ್ಷ ಆದ್ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಹತ್ತಾದ್ಮೇಲೆ ಚೆನ್ನಾಗಿ ಕಂಡ್ರೂ ತೆಗೀರಿ ಅಂತ ಟೈರ್ ಕಂಪನಿಗಳೇ ಹೇಳ್ತವೆ. 2013ರಲ್ಲಿ ಅಮೆರಿಕದ ನಟ ಪಾಲ್ ವಾಕರ್ ತೀರಿಕೊಂಡ ಆಕ್ಸಿಡೆಂಟಿನ ತನಿಖೇಲಿ ಮುಖ್ಯ ಕಾರಣ ಅತಿವೇಗ ಅಂತ ಬಂತು, ಜೊತೆಗೆ ಆ ಕಾರಿನ ಟೈರಿಗೆ 9 ವರ್ಷ ಆಗಿತ್ತು, ಅದ್ರಿಂದ ಗಾಡಿಯ ಹಿಡಿತ ಕಮ್ಮಿ ಆಗಿದ್ದಿರಬಹುದು ಅಂತಾನೂ ಬರೆದಿದ್ರು. ನಿಮ್ಮದು ಅದಕ್ಕಿಂತ ಹಳೇದು.

ಪ್ರಶ್ನೆ: ಬೇಸಿಗೇಲಿ ಟೈರ್ ಸಿಡಿಯತ್ತೆ, ಹೈವೇಗೆ ಹೋಗೋ ಮುಂಚೆ ನಾಲ್ಕೈದು ಪಾಯಿಂಟ್ ಗಾಳಿ ಕಮ್ಮಿ ಮಾಡ್ಕೊಳ್ಳಿ ಅಂತಾರೆ, ನಿಜವಾ? (ಮೈಸೂರಿನ ಓದುಗರು)

ಉತ್ತರ: ಇದು ಉಲ್ಟಾ. ಗಾಳಿ ಕಮ್ಮಿ ಇದ್ದಷ್ಟೂ ಸೈಡ್‌ವಾಲ್ ಜಾಸ್ತಿ ಬಗ್ಗತ್ತೆ, ಬಗ್ಗಿದಷ್ಟೂ ಬಿಸಿ, ಆ ಬಿಸಿಗೇ ಪದರ ಬಿಟ್ಕೊಂಡು ಟೈರ್ ಸಿಡಿಯೋದು. ಓಡಿಸಿದಾಗ ಪ್ರೆಷರ್ ಒಂದಷ್ಟು ಪಾಯಿಂಟ್ ಏರೋದನ್ನ ಲೆಕ್ಕ ಹಾಕೇ ಕಂಪನಿಯವರು ನಂಬರ್ ಕೊಟ್ಟಿರ್ತಾರೆ, ಅದು ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಸ್ಟಿಕ್ಕರಲ್ಲಿ ಇರತ್ತೆ. ಟೈರಿನ ಮೇಲೆ ಅಚ್ಚಾಗಿರೋ ನಂಬರ್ ಗರಿಷ್ಠದ್ದು, ಅದನ್ನ ತುಂಬಬೇಡಿ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಮನೆ ಹತ್ರದ ಬಂಕಲ್ಲಿ ಚೆಕ್ ಮಾಡ್ಸಿ, ಸಾಮಾನು ಜನ ತುಂಬ್ಕೊಂಡು ಹೋಗೋದಾದ್ರೆ ಅದೇ ಸ್ಟಿಕ್ಕರಲ್ಲಿ ಫುಲ್ ಲೋಡಿಗೆ ಅಂತ ಬೇರೆ ನಂಬರ್ ಇರತ್ತೆ ಅದನ್ನ ಹಾಕ್ಸಿ, ದಾರೀಲಿ ಬಿಸಿ ಇದ್ದಾಗ ಜಾಸ್ತಿ ತೋರಿಸ್ತು ಅಂತ ಬಿಡಬೇಡಿ. ಸ್ಟೆಪ್ನಿದೂ ಒಂದ್ಸಲ ನೋಡಿಸಿ.